ಮಾತ್ರೆಯಾಚೆಗಿನ ಡಿಮೆನ್ಶಿಯಾ ಚಿಕಿತ್ಸೆ: ಹುಡುಕುವುದು, ಓದುವುದು, ಮನೆಯಲ್ಲಿ ಪರೀಕ್ಷಿಸುವುದು ಹೇಗೆ

ಮನೆಯ ಹಿರಿಯರೊಬ್ಬರಿಗೆ ಡಿಮೆನ್ಶಿಯಾ, ಅಂದರೆ ನೆನಪೂ ಯೋಚನಾಶಕ್ತಿಯೂ ಕುಂದುತ್ತಾ ಹೋಗುವ ಕಾಯಿಲೆ, ಎಂದು ಡಾಕ್ಟರು ಹೇಳಿದ್ದು ನೆಂಟರ ಕಿವಿಗೆ ಬಿದ್ದರೆ ಸಾಕು, ಸಲಹೆಗಳು ಬರತೊಡಗುತ್ತವೆ. ದಿನಾ ಒಂದೆಲಗದ ತಂಬುಳಿ ಕೊಡಿ ಎಂದು ಒಬ್ಬರು, ಬರಿಹೊಟ್ಟೆಗೆ ಎರಡು ಚಮಚ ತೆಂಗಿನೆಣ್ಣೆ ಎಂದು ಇನ್ನೊಬ್ಬರು. ಗಲ್ಫಿನಲ್ಲಿರುವ ಮಗ ಮೆದುಳಿಗೆ ವ್ಯಾಯಾಮ ಕೊಡುವ ಆ್ಯಪ್ ಹಾಕಿಸುತ್ತಾನೆ. ವಾಟ್ಸಾಪಿನಲ್ಲಿ ಸಂಗೀತ ಚಿಕಿತ್ಸೆಯ ವೀಡಿಯೊ ಬರುತ್ತದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಹಗಲಿರುಳು ಜೊತೆಗಿರುವ ಸೊಸೆಗೋ ಮಗಳಿಗೋ ಇದರಲ್ಲಿ ಯಾವುದನ್ನು ನಂಬುವುದು, ಉಳಿದಿರುವ ಸ್ವಲ್ಪ ಹಣವನ್ನೂ ಅದಕ್ಕಿಂತ ಕಡಿಮೆ ಉಳಿದಿರುವ ಶಕ್ತಿಯನ್ನೂ ಯಾವುದಕ್ಕೆ ಹಾಕುವುದು ಎಂದು ತಿಳಿಯುವುದಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ ದೀರ್ಘಕಾಲದ ರೋಗಿಗಳ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ಮನೆಗಳಿಗೆ ಹೋಗುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಮಾತ್ರೆಗಳ ಹೊರತಾದ ಚಿಕಿತ್ಸೆಗಳ ಬಗ್ಗೆ ಬೇಕಾದಷ್ಟು ಅಧ್ಯಯನ ನಡೆದಿದೆ. ಅದರ ಸಾರಾಂಶ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತದೆ. ಹೈಸ್ಕೂಲಿನ ಇಂಗ್ಲಿಷ್ ಮತ್ತು ತಾಳ್ಮೆ ಇದ್ದರೆ ಯಾರೂ ಓದಬಹುದು. ನಾನು ಒತ್ತಿ ಹೇಳುವುದು ಒಂದನ್ನು: ಈ ಹುಡುಕಾಟ ಶುರುವಾಗಬೇಕಾದದ್ದು ನಿಮ್ಮ ಮನೆಯ ಹಿರಿಯರ ಒಂದು ನಿರ್ದಿಷ್ಟ ತೊಂದರೆಯಿಂದ, ಮುಗಿಯಬೇಕಾದದ್ದು ನಿಮ್ಮದೇ ಚಾವಡಿಯಲ್ಲಿ ಬರೆದಿಟ್ಟ ಲೆಕ್ಕದಲ್ಲಿ.

ಹೆಜ್ಜೆ 1: ಮೊದಲು ರೋಗ ಯಾವುದೆಂದು ಖಚಿತವಾಗಲಿ

ಮಾತ್ರೆಯಾಚೆಗಿನ ಚಿಕಿತ್ಸೆ ಎಂದರೆ ಡಾಕ್ಟರರಾಚೆಗಿನ ಚಿಕಿತ್ಸೆ ಅಲ್ಲ. ಮರೆವಿನಂತೆ ಕಾಣುವ ಕೆಲವು ತೊಂದರೆಗಳು ಸರಿಯಾದ ಮದ್ದಿನಿಂದ ಸುಧಾರಿಸುತ್ತವೆ. ಥೈರಾಯ್ಡ್ ಕಡಿಮೆಯಾಗಿರುವುದು, ಬಿ12 ಕೊರತೆ, ಖಿನ್ನತೆ, ಹಿಂದೆ ಬಿದ್ದಾಗ ತಲೆಯೊಳಗೆ ನಿಂತ ರಕ್ತ, ನಿದ್ದೆಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಹಿರಿಯರು ಎರಡೇ ದಿನಗಳಲ್ಲಿ ಪೂರ್ತಿ ಬೇರೆಯವರಂತೆ ಆಡತೊಡಗಿದರೆ ಅದು ಡಿಮೆನ್ಶಿಯಾದ ಸಹಜ ಏರಿಕೆಯಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರಿನಂಶ ಕಡಿಮೆಯಾದದ್ದು, ಹೊಸ ಮಾತ್ರೆ ಯಾವುದೂ ಕಾರಣವಿರಬಹುದು. ಅಂಥ ಹೊತ್ತಿನಲ್ಲಿ ಮೊಬೈಲ್ ತೆರೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಡಿಮೆನ್ಶಿಯಾದ ವಿಧವನ್ನೂ ಕೇಳಿ ಬರೆದುಕೊಳ್ಳಿ. ನೂರರಲ್ಲಿ 60ರಿಂದ 70 ಮಂದಿಯದು ಆಲ್ಝೈಮರ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿ ರಕ್ತನಾಳದ ತೊಂದರೆಯಿಂದ ಬಂದದ್ದು, ಲೂಯಿ ಬಾಡಿ, ಫ್ರಂಟೊಟೆಂಪೊರಲ್ ಮುಂತಾದವು ಇವೆ. ಹಂತ ಆರಂಭದ್ದೇ, ನಡುವಿನದೇ, ಮುಂದುವರಿದದ್ದೇ ಎಂಬುದೂ ಬೇಕು. ಅಧ್ಯಯನಗಳ ಫಲಿತಾಂಶ ನಿಮ್ಮವರಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ತೀರ್ಮಾನವಾಗುವುದು ಈ ಎರಡು ಮಾಹಿತಿಯ ಮೇಲೆ.

ನಮ್ಮ ಜಿಲ್ಲೆಯವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಮಂಜೇಶ್ವರ, ಕಾಸರಗೋಡು ತಾಲೂಕಿನ ಎಷ್ಟೋ ಹಿರಿಯರು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಸರಕಾರಿ ಆಸ್ಪತ್ರೆಯಲ್ಲಿ ಮಲಯಾಳದ ಪ್ರಶ್ನೆಗೆ ಉತ್ತರಿಸುವವರು. ನೆನಪಿನ ಪರೀಕ್ಷೆ ಅವರಿಗೆ ಸಲೀಸಲ್ಲದ ಭಾಷೆಯಲ್ಲಿ ನಡೆದರೆ ಅಂಕ ಸುಮ್ಮನೆ ಕುಸಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ತಯಾರಾದ ಪರೀಕ್ಷಾ ಸಲಕರಣೆ ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಕನ್ನಡದಲ್ಲಿ ಪರೀಕ್ಷಿಸಿ ಎಂದು ಕೇಳಲು ಹಿಂಜರಿಯಬೇಡಿ. ಶಾಲೆಗೆ ಹೋಗದವರಾದರೆ ಅದನ್ನೂ ಮೊದಲೇ ಹೇಳಿ.

ಹೆಜ್ಜೆ 2: ಪ್ರಶ್ನೆಯನ್ನು ಚಿಕ್ಕದು ಮಾಡಿ

“ಡಿಮೆನ್ಶಿಯಾಕ್ಕೆ ಏನು ಒಳ್ಳೆಯದು?” ಎಂದು ಹುಡುಕಿದರೆ ಲಕ್ಷ ಪುಟ ಬರುತ್ತದೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ಒಂದು ವಾರ ಗಮನಿಸಿ, ಮನೆಯವರನ್ನು ನಿಜವಾಗಿ ಕಂಗೆಡಿಸುತ್ತಿರುವುದು ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಇಂಥವು:

ಅತ್ತೆಗೆ 82 ವರ್ಷ, ನಡು ಹಂತದ ಆಲ್ಝೈಮರ್, ದಿನಾ ಸಂಜೆ ಐದರಿಂದ ಏಳರವರೆಗೆ ಹೊರಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ.

ಅಪ್ಪನಿಗೆ ಆರಂಭದ ಹಂತ, ಮಾತು ಕಡಿಮೆ ಮಾಡಿದ್ದಾರೆ, ಪೇಪರ್ ಕೂಡ ಮುಟ್ಟುವುದಿಲ್ಲ.

ದೊಡ್ಡಮ್ಮ ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ.

ಈ ಮೂರಕ್ಕೂ ಉತ್ತರ ಬೇರೆ ಬೇರೆ. ಸಂಶೋಧಕರು ಇದೇ ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿಕೊಳ್ಳುತ್ತಾರೆ: ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಬದಲಾವಣೆ ಬೇಕು. ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ನೆನಪು ಮರಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಕಳೆದುಹೋದ ನೆನಪನ್ನು ಪೂರ್ತಿ ಮರಳಿಸುವ ಚಿಕಿತ್ಸೆ, ಮಾತ್ರೆಯದಿರಲಿ ಬೇರೆಯದಿರಲಿ, ಇವತ್ತಿಗೆ ಇಲ್ಲ. ಆದರೆ ಸಂಜೆಯ ಕಳವಳ ತಗ್ಗುವುದು, ರಾತ್ರಿ ಎರಡು ಗಂಟೆ ಹೆಚ್ಚು ನಿದ್ದೆ ಬರುವುದು, ತಾನಾಗಿ ಊಟ ಮಾಡುವುದು, ನೋಡಿಕೊಳ್ಳುವವರ ದಣಿವು ಇಳಿಯುವುದು, ಇವೆಲ್ಲ ಸಾಧ್ಯವಿರುವ ಗುರಿಗಳು.

ಹೆಜ್ಜೆ 3: ಎಲ್ಲಿ ಹುಡುಕಬೇಕು

ಯೂಟ್ಯೂಬನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಾಕ್ರೇನ್ ಗ್ರಂಥಾಲಯ. ಒಂದೇ ವಿಷಯದ ಮೇಲೆ ಲೋಕದಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಸೇರಿಸಿ, ತೂಗಿ, ಒಟ್ಟು ಏನು ಕಂಡಿತು ಎಂದು ಅಲ್ಲಿ ಬರೆಯುತ್ತಾರೆ. ಪ್ರತಿ ವಿಮರ್ಶೆಯ ಜೊತೆ ಸಾಮಾನ್ಯರಿಗಾಗಿ ಸರಳ ಸಾರಾಂಶ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ಎರಡನೆಯದು, ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೊರತಂದ ಡಿಮೆನ್ಶಿಯಾ ಮಾರ್ಗಸೂಚಿ. ಯಾವುದನ್ನು ಕೊಡಿ, ಯಾವುದನ್ನು ಕೊಡಬೇಡಿ ಎಂದು ಅದರಲ್ಲಿ ನೇರವಾಗಿ ಹೇಳಿದ್ದಾರೆ. ಮೂರನೆಯದು ಪಬ್‌ಮೆಡ್. ಅದು ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಉಚಿತ ತಾಣ. ಅಲ್ಲಿ ಇಂಗ್ಲಿಷಿನಲ್ಲಿ ‘ಡಿಮೆನ್ಶಿಯಾ’, ‘ನಾನ್ ಫಾರ್ಮಕಲಾಜಿಕಲ್’ ಎಂಬ ಪದಗಳ ಜೊತೆ ನಿಮ್ಮ ತೊಂದರೆಯ ಪದ ಸೇರಿಸಿ: ಕೆರಳುವುದಕ್ಕೆ ‘ಅಜಿಟೇಶನ್’, ಅಲೆದಾಟಕ್ಕೆ ‘ವಾಂಡರಿಂಗ್’, ನಿದ್ದೆಗೆ ‘ಸ್ಲೀಪ್’, ಉದಾಸೀನಕ್ಕೆ ‘ಅಪಥಿ’. ಬದಿಯಲ್ಲಿರುವ ಆಯ್ಕೆಗಳಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ (ಹಲವು ಪ್ರಯೋಗಗಳನ್ನು ಸೇರಿಸಿ ತೂಗಿದ ವಿಮರ್ಶೆ) ಒತ್ತಿದರೆ ಉದ್ದದ ಪಟ್ಟಿ ತುಂಬಾ ಚಿಕ್ಕದಾಗುತ್ತದೆ. ಕೊನೆಗೆ ‘ಇಂಡಿಯಾ’ ಎಂಬ ಪದ ಸೇರಿಸಿ ಇನ್ನೊಮ್ಮೆ ಹುಡುಕಿ.

2007ರಿಂದ ಇರುವ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣದಲ್ಲಿ ನಮ್ಮ ದೇಶದಲ್ಲಿ ನಡೆಯುತ್ತಿರುವ ಪ್ರಯೋಗಗಳ ಪಟ್ಟಿ ಸಿಗುತ್ತದೆ. ಯಾರಾದರೂ “ನಮ್ಮ ಚಿಕಿತ್ಸೆ ಸಂಶೋಧನೆಯಿಂದ ಸಾಬೀತಾಗಿದೆ” ಎಂದರೆ ಅಲ್ಲಿ ಅವರ ಹೆಸರು ಹಾಕಿ ನೋಡಿ.

ಹೆಜ್ಜೆ 4: ಓದುವಾಗ ಕಣ್ಣು ಎಲ್ಲಿರಬೇಕು

ಮೊದಲ ಪ್ರಶ್ನೆ: ಹೋಲಿಸಲು ಇನ್ನೊಂದು ಗುಂಪು ಇತ್ತೇ? ಡಿಮೆನ್ಶಿಯಾದಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಎಂದು ಇದ್ದೇ ಇರುತ್ತದೆ. ತೀರಾ ಕೆಟ್ಟ ವಾರದಲ್ಲಿ ಏನಾದರೂ ಶುರುಮಾಡಿದರೆ ಮುಂದಿನ ವಾರ ಹೇಗೂ ಸ್ವಲ್ಪ ವಾಸಿ ಎನಿಸುತ್ತದೆ. ಹಾಗಾಗಿ “ಹತ್ತು ಮಂದಿಗೆ ಕೊಟ್ಟೆವು, ಎಂಟು ಮಂದಿ ಸುಧಾರಿಸಿದರು” ಎಂಬ ಮಾತಿಗೆ ಬೆಲೆ ಕಡಿಮೆ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದರೆ ಮಾತ್ರ ಚಿಕಿತ್ಸೆಯ ಪಾಲು ಎಷ್ಟೆಂದು ತಿಳಿಯುತ್ತದೆ. ಕೊಡದ ಗುಂಪಿಗೆ ಏನು ಸಿಕ್ಕಿತು ಎಂಬುದನ್ನೂ ನೋಡಿ. ಒಂದು ಗುಂಪಿಗೆ ವಾರಕ್ಕೆರಡು ಸಲ ಹಾಡು, ಮಾತು, ಚಹಾ, ಜನ. ಇನ್ನೊಂದಕ್ಕೆ ಏನೂ ಇಲ್ಲ. ಆಗ ಗೆದ್ದದ್ದು ಹಾಡೋ, ಜೊತೆಗೆ ಜನ ಇದ್ದದ್ದೋ ಎಂದು ಹೇಳಲಾಗದು.

ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಒಂದಿದೆ. 2013ರಲ್ಲಿ ಹೈದರಾಬಾದಿನಿಂದ ಪ್ರಕಟವಾದ ಅಧ್ಯಯನದಲ್ಲಿ ಡಿಮೆನ್ಶಿಯಾ ಇರುವ 648 ಮಂದಿಯನ್ನು ನೋಡಿದರು. ಎರಡೋ ಹೆಚ್ಚೋ ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ನಾಲ್ಕು ಭಾಷೆ ಕೂಡಿ ಹರಿಯುವ ಕಾಸರಗೋಡಿನಲ್ಲಿ ಇದನ್ನು ಓದಿ ಖುಷಿಯಾಗುವುದು ಸಹಜ. ಆದರೆ ಇದು ಚಿಕಿತ್ಸೆಯ ಪ್ರಯೋಗವಲ್ಲ. ಜೀವನವಿಡೀ ಹಲವು ಭಾಷೆಯಲ್ಲಿ ಬದುಕಿದವರನ್ನು ನಂತರ ಗಮನಿಸಿದ್ದು ಅಷ್ಟೆ. ಎಂಬತ್ತರ ಅಜ್ಜನಿಗೆ ಹೊಸ ಭಾಷೆ ಕಲಿಸಿದರೆ ರೋಗ ನಿಲ್ಲುತ್ತದೆ ಎಂದು ಇದರಿಂದ ಹೇಳಲಾಗದು. ರೋಗ ಬಾರದಂತೆ ಮಾಡುವ ವಿಷಯವೂ ಬಂದವರಿಗೆ ಚಿಕಿತ್ಸೆ ಕೊಡುವ ವಿಷಯವೂ ಬೇರೆ ಬೇರೆ. ಪತ್ರಿಕೆಗಳಲ್ಲಿ ಇವೆರಡನ್ನು ಕಲಸಿ ಬರೆಯುವುದು ತುಂಬಾ ಸಾಮಾನ್ಯ.

ಎರಡನೆಯ ಪ್ರಶ್ನೆ: ಏನನ್ನು ಅಳೆದರು? ನೆನಪಿನ ಅಂಕವೇ, ನಡವಳಿಕೆಯೇ, ಖಿನ್ನತೆಯೇ, ದಿನದ ಕೆಲಸ ಮಾಡುವ ಶಕ್ತಿಯೇ, ನೋಡಿಕೊಳ್ಳುವವರ ಹೊರೆಯೇ? ನಿಮ್ಮ ವಾಕ್ಯದಲ್ಲಿರುವ ತೊಂದರೆಯನ್ನೇ ಅಳೆಯದ ಅಧ್ಯಯನ ಎಷ್ಟು ದೊಡ್ಡದಿದ್ದರೂ ನಿಮಗೆ ಉತ್ತರ ಕೊಡುವುದಿಲ್ಲ.

ಮೂರನೆಯದು, ಲಾಭ ಎಷ್ಟು ದೊಡ್ಡದು, ಎಷ್ಟು ದಿನ ನಿಂತಿತು. ನಾಲ್ಕನೆಯದು, ಬೇರೆಯವರು ಮಾಡಿದಾಗಲೂ ಅದೇ ಕಂಡಿತೇ. ಇದಕ್ಕೆ ನಾನು ಯಾವಾಗಲೂ ಕೊಡುವ ನಿದರ್ಶನ ಆಕ್ಯುಪೇಶನಲ್ ಥೆರಪಿಯದು, ಅಂದರೆ ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆಯದು. 2006ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ 135 ಮಂದಿಯ ಪ್ರಯೋಗ ನಡೆಯಿತು. ಥೆರಪಿಸ್ಟ್ ಮನೆಗೇ ಬಂದು ಐದು ವಾರದಲ್ಲಿ ಹತ್ತು ಸಲ ಕಲಿಸಿದಾಗ ಹಿರಿಯರ ದಿನನಿತ್ಯದ ಕೆಲಸಗಳೂ ನೋಡಿಕೊಳ್ಳುವವರ ಆತ್ಮವಿಶ್ವಾಸವೂ ಚೆನ್ನಾಗಿ ಸುಧಾರಿಸಿದವು. ಅದೇ ಕಾರ್ಯಕ್ರಮವನ್ನು ಪಕ್ಕದ ಜರ್ಮನಿಯಲ್ಲಿ ಪರೀಕ್ಷಿಸಿದಾಗ ಒಂದೇ ಸಲದ ಸಲಹೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಗಡಿ ದಾಟಿದ ಕೂಡಲೇ ಫಲ ಬದಲಾಗಬಹುದಾದರೆ, ಯುರೋಪಿನ ವೃದ್ಧಾಶ್ರಮದಲ್ಲಿ ಗೆದ್ದದ್ದು ಪೈವಳಿಕೆಯ ತೋಟದ ಮನೆಗೆ ಹಾಗೆಯೇ ಹೊಂದುತ್ತದೆ ಎಂದು ನಂಬಬಾರದು.

ಹೆಜ್ಜೆ 5: ಯಾವುದಕ್ಕೆ ಎಷ್ಟು ಆಧಾರ

*ಗುಂಪಿನಲ್ಲಿ ಮನಸ್ಸಿಗೆ ಚಟುವಟಿಕೆ.* ಕಾಗ್ನಿಟಿವ್ ಸ್ಟಿಮುಲೇಶನ್ ಎಂಬ ಇದಕ್ಕೆ ಆಧಾರ ಎಲ್ಲಕ್ಕಿಂತ ಗಟ್ಟಿ. 2003ರಲ್ಲಿ ಲಂಡನ್ನಿನ ತಂಡವೊಂದು 201 ಮಂದಿಯ ಮೇಲೆ ಪ್ರಯೋಗ ಮಾಡಿತು: ವಾರಕ್ಕೆರಡು ಸಲ, ಮುಕ್ಕಾಲು ಗಂಟೆಯಂತೆ, ಒಟ್ಟು 14 ಬೈಠಕ್. ಆಟ, ಶಬ್ದಗಳು, ಬಾಲ್ಯ, ಅಡುಗೆ, ಹಣದ ಲೆಕ್ಕ, ಇವತ್ತಿನ ಸುದ್ದಿ, ಹೀಗೆ ದಿನಕ್ಕೊಂದು ವಿಷಯ. ತಪ್ಪು ಸರಿ ಎಂದು ಪರೀಕ್ಷೆ ಮಾಡದೆ ಅಭಿಪ್ರಾಯ ಕೇಳುವುದು ಅದರ ಜೀವಾಳ. 2023ರ ಕಾಕ್ರೇನ್ ವಿಮರ್ಶೆ 37 ಪ್ರಯೋಗಗಳನ್ನು ಸೇರಿಸಿ ನೋಡಿ, ಆರಂಭದ ಮತ್ತು ನಡು ಹಂತದವರಲ್ಲಿ 30 ಅಂಕದ ನೆನಪಿನ ಪರೀಕ್ಷೆಯಲ್ಲಿ ಸರಾಸರಿ ಎರಡು ಅಂಕದಷ್ಟು ಲಾಭ ಕಂಡಿತು. ಅದು ಸುಮಾರು ಆರು ತಿಂಗಳ ಕುಸಿತವನ್ನು ಮುಂದೂಡಿದಷ್ಟು. ಸಣ್ಣದೇ, ಆದರೆ ನಿಜವಾದದ್ದು. ಮುಂದುವರಿದ ಹಂತದವರಿಗೆ ಇದೇ ಲಾಭ ಎಂದು ತಿಳಿಯಬೇಡಿ. ಒಬ್ಬರೇ ಕೂತು ಆ್ಯಪಿನಲ್ಲಿ ಒಂದೇ ಬಗೆಯ ನೆನಪಿನ ಕಸರತ್ತು ಮಾಡುವುದು ಇದಲ್ಲ. ಆರಂಭ ಮತ್ತು ನಡು ಹಂತದ ಆಲ್ಝೈಮರ್ ಇರುವವರಿಗೆ ಅಂಥ ತರಬೇತಿ ಕೊಡಬೇಡಿ ಎಂದೇ ನೈಸ್ ಮಾರ್ಗಸೂಚಿ ಹೇಳುತ್ತದೆ.

*ಸಂಗೀತ.* 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಕನಿಷ್ಠ ಐದು ಬೈಠಕ್‌ಗಳಾದರೆ ಖಿನ್ನತೆ ಇಳಿಯುವ, ಒಟ್ಟಾರೆ ನಡವಳಿಕೆ ಸುಧಾರಿಸುವ ಸಂಭವವಿದೆ. ಕೆರಳುವುದು, ಹೊಡೆಯುವುದು ಕಡಿಮೆಯಾದದ್ದು ಅಷ್ಟಾಗಿ ಕಾಣಲಿಲ್ಲ. ಅಂದರೆ ಮಂಕಾಗಿರುವ ಅಪ್ಪನಿಗೆ ಮೊದಲು ಇದನ್ನು ನೋಡಬಹುದು, ಸ್ನಾನಕ್ಕೆ ಕೈಯೆತ್ತುವ ದೊಡ್ಡಮ್ಮನಿಗೆ ಇದೊಂದನ್ನೇ ನೆಚ್ಚಬಾರದು.

*ಹಳೆಯ ನೆನಪುಗಳ ಮಾತುಕತೆ.* ಲಾಭ ಸಣ್ಣದು, ಎಲ್ಲೆಡೆ ಒಂದೇ ರೀತಿ ಇಲ್ಲ. ಬ್ರಿಟನ್ನಿನಲ್ಲಿ 488 ಜೋಡಿಗಳ ದೊಡ್ಡ ಪ್ರಯೋಗದಲ್ಲಿ ಹಿರಿಯರನ್ನೂ ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿದಾಗ ಹಿರಿಯರಿಗೆ ಗುಣ ಕಾಣಲಿಲ್ಲ, ನೋಡಿಕೊಳ್ಳುವವರ ಆತಂಕ ಸ್ವಲ್ಪ ಏರಿತು. ಹಳೆಯ ಆಲ್ಬಮ್ ತೆರೆಯುವುದರಿಂದ ನಷ್ಟವೇನಿಲ್ಲ ಎಂದುಕೊಳ್ಳುವವರು ಇದನ್ನು ತಿಳಿದಿರಲಿ. ತೀರಿಹೋದ ಮಗನ ಫೋಟೊ ಯಾವ ಪುಟದಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

*ವ್ಯಾಯಾಮ.* ಇಂಗ್ಲೆಂಡಿನಲ್ಲಿ 494 ಮಂದಿಯಲ್ಲಿ 329 ಮಂದಿಗೆ ನಾಲ್ಕು ತಿಂಗಳು ಚೆನ್ನಾಗಿ ಬೆವರಿಳಿಸುವ ವ್ಯಾಯಾಮ ಕೊಟ್ಟ ಪ್ರಯೋಗದ ಫಲ 2018ರಲ್ಲಿ ಬಂತು. ಮೈಯ ಶಕ್ತಿ ಹೆಚ್ಚಿತು, ನೆನಪಿನ ಕುಸಿತ ನಿಧಾನವಾಗಲಿಲ್ಲ. ನಡಿಗೆ ಬಿಡಬೇಡಿ. ಅದು ಸ್ನಾಯುವಿಗೆ, ನಿದ್ದೆಗೆ, ಮನಸ್ಸಿಗೆ. ಮರೆವಿಗೆ ಮದ್ದೆಂದು ಬಲವಂತ ಮಾಡಬೇಡಿ.

*ಸುಗಂಧ ತೈಲ, ಸೊಪ್ಪು, ಎಣ್ಣೆ.* ಸುಗಂಧ ಚಿಕಿತ್ಸೆಗೆ 2020ರ ಕಾಕ್ರೇನ್ ವಿಮರ್ಶೆಯಲ್ಲಿ ನಂಬುವಂಥ ಆಧಾರ ಸಿಗಲಿಲ್ಲ. ಗಿಡಮೂಲಿಕೆ, ಜಿನ್ಸೆಂಗ್, ವಿಟಮಿನ್ ಇ, ಅಕ್ಯುಪಂಕ್ಚರ್ ಇವನ್ನು ಡಿಮೆನ್ಶಿಯಾಕ್ಕೆ ಚಿಕಿತ್ಸೆಯಾಗಿ ಕೊಡಬೇಡಿ ಎನ್ನುತ್ತದೆ ನೈಸ್. ಒಂದೆಲಗದ ತಂಬುಳಿ ಊಟದ ಜೊತೆ ರುಚಿಗೆ ಇರಲಿ. ಅದರ ಮಾತ್ರೆ, ಕಷಾಯ ಎಂದರೆ ಅದೂ ಮದ್ದೇ, ಉಳಿದ ಮದ್ದುಗಳ ಜೊತೆ ಹೇಗೆ ಎಂದು ಡಾಕ್ಟರರನ್ನು ಕೇಳಲೇಬೇಕು.

*ವ್ಯಕ್ತಿಗೆ ಹೊಂದಿಸಿದ ಕೆಲಸ.* ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲಿ, ಆಧಾರ ಮಿಶ್ರವಾಗಿದೆ ಎಂದು ತಿಳಿದೇ ಹೇಳುತ್ತೇನೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ 60 ಜೋಡಿಗಳ ಪ್ರಯೋಗದಲ್ಲಿ ಪ್ರತಿಯೊಬ್ಬರಿಗೂ ಅವರ ಹಿಂದಿನ ಆಸಕ್ತಿ, ಈಗಿನ ಶಕ್ತಿ ನೋಡಿ ಕೆಲಸ ಕೊಟ್ಟಾಗ ತೊಂದರೆಯ ನಡವಳಿಕೆ ಕಡಿಮೆಯಾಯಿತು. ಮುಂದಿನ ದೊಡ್ಡ ಪ್ರಯೋಗದಲ್ಲಿ ಕೆರಳುವಿಕೆಯ ಮಟ್ಟಿಗೆ ಹಾಗೆ ಕಾಣಲಿಲ್ಲ. ಖರ್ಚು ಇಲ್ಲ, ಹಾನಿ ಕಡಿಮೆ, ಆದ್ದರಿಂದ ಮನೆಯಲ್ಲಿ ಪರೀಕ್ಷಿಸಿ ನೋಡಲು ಯೋಗ್ಯ.

ಕೆರಳುವವರಿಗೆ ಸುಲಭವಾಗಿ ಬರೆದುಕೊಡುವ ಆ್ಯಂಟಿಸೈಕೋಟಿಕ್ (ತೀವ್ರ ಮನೋರೋಗದ) ಮಾತ್ರೆಗಳ ಬಗ್ಗೆ, ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಈ ಹುಡುಕಾಟಕ್ಕೆ ಇಷ್ಟು ಶ್ರಮ ಹಾಕಿ ಎನ್ನುವುದಕ್ಕೆ ಅದೇ ದೊಡ್ಡ ಕಾರಣ. ಆದರೆ ಈಗಾಗಲೇ ಕೊಡುತ್ತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬಾರದು.

ಹೆಜ್ಜೆ 6: ನಮ್ಮ ಮನೆಗೆ ಒಗ್ಗಿಸಿಕೊಳ್ಳಿ

ಗುಂಪಿನ ಚಟುವಟಿಕೆಯ ಆ ಲಂಡನ್ ಕಾರ್ಯಕ್ರಮವನ್ನು ಚೆನ್ನೈಯಲ್ಲಿ ತಮಿಳರಿಗೆ ಹೊಂದಿಸಿದ್ದಾರೆ. ನಾವೂ ಚೌಕಟ್ಟನ್ನು ಉಳಿಸಿಕೊಂಡು ಒಳಗಿನದ್ದನ್ನು ಬದಲಿಸಬಹುದು. ಶಬ್ದದ ದಿನಕ್ಕೆ ಚೆಂಡೆಯ ಪೆಟ್ಟು, ಮಗ್ಗಿ ಹೇಳುವ ಮಕ್ಕಳ ದನಿ. ಅಡುಗೆಯ ದಿನಕ್ಕೆ ಪತ್ರೊಡೆಗೆ ಕೆಸುವಿನ ಎಲೆ ಯಾವುದು ಒಳ್ಳೆಯದು ಎಂಬ ಚರ್ಚೆ. ಲೆಕ್ಕದ ದಿನಕ್ಕೆ ಇವತ್ತಿನ ಅಡಿಕೆ ಧಾರಣೆ. ತಾಳಮದ್ದಳೆ ಕೇಳಿ ಬೆಳೆದವರಿಗೆ “ಕರ್ಣ ಮಾಡಿದ್ದು ಸರಿಯಾ?” ಎಂದು ಕೇಳಿ ನೋಡಿ. ಸರಿ ಉತ್ತರವೇ ಇಲ್ಲದ ಪ್ರಶ್ನೆಯಾದ್ದರಿಂದ ಯಾರಿಗೂ ಸೋಲಿಲ್ಲ. ಭಾಷೆ ಮಾತ್ರ ಅವರು ಬಾಲ್ಯದಲ್ಲಿ ಆಡಿದ್ದೇ ಇರಲಿ. ರೋಗ ಮುಂದುವರಿದಂತೆ ನಂತರ ಕಲಿತ ಭಾಷೆ ಮೊದಲು ಜಾರುವುದನ್ನು ಹಲವರಲ್ಲಿ ಕಾಣುತ್ತೇವೆ. ಮಲಯಾಳ ಮಾತ್ರ ಬಲ್ಲ ಹೋಮ್ ನರ್ಸ್ ಬಂದರೆ ನೀರು, ನೋವು, ಸಾಕು, ಬಾತ್ರೂಮ್ ಇವಕ್ಕೆ ಮನೆಮಾತಿನ ಪದಗಳನ್ನು ಬರೆದು ಗೋಡೆಗೆ ಅಂಟಿಸಿಕೊಡಿ.

ಹೆಜ್ಜೆ 7: ನಾಲ್ಕು ವಾರದ ಪರೀಕ್ಷೆ

ಗೋಡೆಯ ಕ್ಯಾಲೆಂಡರ್ ಸಾಕು. ಮೊದಲ ಒಂದು ವಾರ ಏನೂ ಬದಲಿಸದೆ ಬರೆಯಿರಿ: ತೊಂದರೆ ಯಾವ ಹೊತ್ತಿಗೆ, ಎಷ್ಟು ಹೊತ್ತು, ಮೊದಲು ಏನಾಗಿತ್ತು, ಯಾರು ಇದ್ದರು, ಯಾವುದರಿಂದ ಶಾಂತವಾಯಿತು. ಆಮೇಲೆ ಒಂದೇ ಒಂದು ಬದಲಾವಣೆ, ದಿನಾ ಅದೇ ಹೊತ್ತಿಗೆ, ಮೂರು ವಾರ. ಎರಡನ್ನು ಒಟ್ಟಿಗೆ ಶುರುಮಾಡಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗದು.

ಬಾಗಿಲು ಬಡಿಯುವ ಆ ಅತ್ತೆಯ ಮನೆಯದೇ ಹೇಳುತ್ತೇನೆ. ಸೊಸೆ ಬರೆದಿಟ್ಟ ಟಿಪ್ಪಣಿಯಲ್ಲಿ ದಿನಾ ಒಂದೇ ಮಾತು ಇತ್ತು: “ಕರು ಕೂಗ್ತಾ ಉಂಟು, ಹಾಲು ಕರೀಲಿಕ್ಕೆ ಹೊತ್ತಾಯ್ತು.” ದನ ಮಾರಿ ಎಷ್ಟೋ ಕಾಲವಾಗಿತ್ತು. “ಹಟ್ಟಿಯಲ್ಲಿ ದನ ಇಲ್ಲ ಅತ್ತೆ” ಎಂದ ದಿನಗಳಲ್ಲೆಲ್ಲ ಗಲಾಟೆ ಹೆಚ್ಚು ಹೊತ್ತು ನಡೆದಿತ್ತು. ಮಧ್ಯಾಹ್ನದ ಊಟದ ನಂತರ ಏನೂ ತಿನ್ನದಿದ್ದ ದಿನವೂ ಹಾಗೆಯೇ. ಹಸಿವು ಇನ್ನೊಂದು ಕಾರಣವಿರಬಹುದೆಂದು ನಾಲ್ಕೂವರೆಗೆ ಚಹಾ, ಅವಲಕ್ಕಿ ಕೊಡುವುದನ್ನು ಮೊದಲು ಪಕ್ಕಾ ಮಾಡಿ, ಒಂದು ವಾರ ಅದನ್ನೇ ನೋಡಿದರು. ಸ್ವಲ್ಪ ಇಳಿಯಿತು. ನಂತರದ ಮೂರು ವಾರ ಐದು ಗಂಟೆಗೆ ಅಂಗಳದಲ್ಲಿ ಚಾಪೆ ಹಾಕಿ, ಮುಂದೆ ಚಾಲಿ ಅಡಿಕೆ ಸುರಿದು, “ಅತ್ತೆ, ಪಟೋರ ಯಾವುದು, ಕರಿಗೋಟು ಯಾವುದು, ನನಗೆ ತಿಳಿಯುದಿಲ್ಲ, ಬೇರೆ ಮಾಡಿ ಕೊಡ್ತೀರಾ?” ಎಂದು ಕೇಳಿದರು. ಬೇರೆ ಮಾಡಿದ್ದು ಸರಿಯೋ ತಪ್ಪೋ ಯಾರೂ ನೋಡಲಿಲ್ಲ. ಕ್ಯಾಲೆಂಡರಿನಲ್ಲಿ ಬಾಗಿಲು ಬಡಿದ ದಿನಗಳು ವಾರಕ್ಕೆ ಏಳರಿಂದ ಮೂರಕ್ಕೆ ಬಂದವು. ಇದು ಒಂದು ಮನೆಯ ಲೆಕ್ಕ, ಇನ್ನೊಂದು ಮನೆಗೆ ಆಧಾರವಲ್ಲ. ನಿಮ್ಮ ಹಿರಿಯರು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವವರಾದರೆ ಅಡಿಕೆ ಬೇಡ, ಬಟ್ಟೆ ಮಡಚುವ ಕೆಲಸ ಕೊಡಿ.

ಚಟುವಟಿಕೆಯಿಂದ ಹಿರಿಯರು ಮುಖ ತಿರುಗಿಸಿದರೆ, ಬೆವರಿದರೆ, ಅತ್ತರೆ ಅಂದಿಗೆ ನಿಲ್ಲಿಸಿ. ಮೂರು ಸಲ ಹೀಗಾದರೆ ಆ ಪ್ರಯೋಗವನ್ನೇ ಬಿಡಿ. ನಾಲ್ಕು ವಾರದ ಕ್ಯಾಲೆಂಡರನ್ನು ಡಾಕ್ಟರರ ಬಳಿಗೆ ಒಯ್ಯಿರಿ. ಮಾತ್ರೆ ಕಡಿಮೆ ಮಾಡುವ ಮಾತನ್ನು ಆ ಪುಟ ಎದುರಿಟ್ಟು ಆಡುವುದು ಸುಲಭ.

ಹೆಜ್ಜೆ 8: ನೋಡಿಕೊಳ್ಳುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ನಮಗೆ ಹತ್ತಿರದ ಗೋವೆಯಲ್ಲಿ 81 ಕುಟುಂಬಗಳ ಒಂದು ಪ್ರಯೋಗ ನಡೆದು 2008ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಮನೆಗೆ ಬಂದು ರೋಗದ ಬಗ್ಗೆ ತಿಳಿಸಿ, ನಡವಳಿಕೆ ಸಂಭಾಳಿಸುವುದನ್ನು ಕಲಿಸಿದರು. ಆರು ತಿಂಗಳಲ್ಲಿ ಸ್ಪಷ್ಟವಾಗಿ ಸುಧಾರಿಸಿದ್ದು ನೋಡಿಕೊಳ್ಳುವವರ ಮಾನಸಿಕ ಆರೋಗ್ಯ. ನನ್ನ ದೃಷ್ಟಿಯಲ್ಲಿ ಕಾಸರಗೋಡಿಗೆ ಎಲ್ಲಕ್ಕಿಂತ ಹೊಂದುವ ಮಾದರಿ ಇದು, ಯಾಕೆಂದರೆ ಮನೆಗೆ ಬರುವ ಜನ ನಮ್ಮಲ್ಲಿ ಈಗಾಗಲೇ ಇದ್ದಾರೆ: ಪಂಚಾಯತಿನ ಪಾಲಿಯೇಟಿವ್ ನರ್ಸ್, ಆಶಾ ಕಾರ್ಯಕರ್ತೆ, ಕುಟುಂಬಶ್ರೀಯ ನೆರೆಕರೆಯವರು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ಡಿಮೆನ್ಶಿಯಾ ಎಂದೇ ಬರೆಸಿ. ಹಾಸಿಗೆ ಹಿಡಿದವರಿಗೆ ಮಾತ್ರ ಆ ಸೇವೆ ಎಂದು ಹಲವರು ಸುಮ್ಮನಿದ್ದುಬಿಡುತ್ತಾರೆ. ನಗರಸಭೆಯ ವ್ಯಾಪ್ತಿಯಲ್ಲಿ 65 ದಾಟಿದವರಿಗೆ ವಯೋಮಿತ್ರಂ ಸಂಚಾರಿ ಕ್ಲಿನಿಕ್ ಇದೆ. ಕೇರಳದಲ್ಲೇ 1992ರಲ್ಲಿ ಹುಟ್ಟಿದ ಎ.ಆರ್.ಡಿ.ಎಸ್.ಐ. ಸಂಸ್ಥೆ ಡಿಮೆನ್ಶಿಯಾ ಕುಟುಂಬಗಳಿಗಾಗಿಯೇ ಕೆಲಸ ಮಾಡುತ್ತದೆ. ನೋಡಿಕೊಳ್ಳುವವರಿಗಾಗಿ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಪಾಠಗಳನ್ನು ಬೆಂಗಳೂರಿನ ನಿಮ್ಹಾನ್ಸ್ ತಂಡ ಭಾರತದ ಮನೆಗಳಿಗೆ ಹೊಂದಿಸಿದೆ. ಹಿರಿಯರ ಸಹಾಯವಾಣಿ 14567, ನೋಡಿಕೊಳ್ಳುವವರ ಮನಸ್ಸೇ ಸೋತಾಗ ಟೆಲಿಮಾನಸ್ 14416. ಎರಡೂ ಉಚಿತ.

ಕ್ಯಾಲೆಂಡರಿನಲ್ಲಿ ಇನ್ನೊಂದು ಸಾಲು ಸೇರಿಸಿ: ಈ ರಾತ್ರಿ ನಾನು ಎಷ್ಟು ಹೊತ್ತು ಮಲಗಿದೆ. ಹಿರಿಯರ ಸಂಜೆ ಸುಧಾರಿಸಿದರೂ ಆ ಅಂಕಿ ಇಳಿಯುತ್ತಾ ಹೋದರೆ ಚಿಕಿತ್ಸೆ ನಿಮ್ಮ ಮನೆಗೆ ಹೊಂದಿಲ್ಲ ಎಂದು ತಿಳಿದು, ಕೆಲಸ ಹಂಚಿಕೊಳ್ಳಲು ಅಣ್ಣನನ್ನೋ ನಾದಿನಿಯನ್ನೋ ಆ ಪುಟ ತೋರಿಸಿ ಕರೆಯಿರಿ.